ಚಿತ್ರ ಬಂತು

ಮೂರನೇ ದಿನ ಮಧ್ಯಾಹ್ನ ಗೊತ್ತಾಯಿತು:
ಹನ್ನೊಂದು ಜನರ ಕಣ್ಣು ನನ್ನ ಹತ್ತಿರ ಇದೆ,
ಅವರು ಏನು ನೋಡಿದರು ಎಂಬುದು ಇಲ್ಲ.

ಇಳಕಲ್ಲು. ಗೊಂಗಡಶೆಟ್ಟರ ಓಣಿ.
ಕುಣಿಮಗ್ಗದ ಪಕ್ಕ ಎರಡು ಜೋಳದ ಚೀಲ, ಮೇಲೊಂದು ಹಲಗೆ,
ಹಲಗೆಯ ಮೇಲೆ ಲ್ಯಾಪ್‌ಟಾಪು,
ಅದರ ಗದ್ದಕ್ಕೆ ಅಂಟಿಸಿದ ಗೇಣುದ್ದದ ಕರೀ ಪಟ್ಟಿ,
ಪಾಪೆ ಎಲ್ಲಿ, ಪಾಪೆ ಎಲ್ಲಿ ಎಂದು
ಸೆಕೆಂಡಿಗೆ ಅರವತ್ತು ಸಲ ಕೇಳುವಂಥದ್ದು.
ನನ್ನ ಪ್ರಶ್ನೆ ಸಣ್ಣದು. ನೇಯ್ಗೆ ತಪ್ಪಿದ ಚಿತ್ರ ತೋರಿಸಿದರೆ
ನೇಯುವವರ ಕಣ್ಣು ತಪ್ಪಿಗೆ ಎಷ್ಟು ಬೇಗ ಹೋಗುತ್ತದೆ?
ನನ್ನಂಥವರದು ಎಷ್ಟು ತಡ?

ಮೊದಲು ತಂತಿಯ ಮೇಲೆ ಅನುಮಾನ.
ಆಮೇಲೆ ಬೆಳಕಿಂಡಿಯ ಬಿಸಿಲಿನ ಮೇಲೆ; ಗೋಣಿತಟ್ಟು ಕಟ್ಟಿದೆ.
ಆಮೇಲೆ ಅಂದಾನವ್ವನ ಚಸ್ಮಾದ ಮೇಲೆ; ತೆಗೆಸಿದೆ.
"ಈಗ ನಿನ್ನ ಟೀವಿನೂ ಕಾಣಂಗಿಲ್ಲ, ನೀನೂ ಕಾಣಂಗಿಲ್ಲ" ಅಂದಳು.
ಆಮೇಲೆ ಅವಳ ಸೊಸೆಯ ಕಾಡಿಗೆಯ ಮೇಲೆ.
ವಿಜಯಪುರಕ್ಕೆ ಫೋನು ಹಚ್ಚಿದರೆ ನಮ್ಮ ಸರ್ರು
"ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ" ಅಂದರು.
ಮಾಡಿದೆ. ನಾಲ್ಕು ಸಲ.
ಐದನೇ ಸಲ ಕರೆಂಟೇ ಮಾಡಿತು.

ಕಡತಗಳನ್ನು ಬಿಚ್ಚಿ ಕೂತೆ.
ಒಂದು ಕಣ್ಣಿನದು: ಸಾವಿರ ಸಾವಿರ ಸಾಲು,
ಎಡಗಣ್ಣು ಇಷ್ಟು ಅಡ್ಡ, ಇಷ್ಟು ಉದ್ದ, ಬಲಗಣ್ಣು ಇಷ್ಟು,
ರೆಪ್ಪೆ ಬಡಿದಲ್ಲೆಲ್ಲ ಸೊನ್ನೆ.
ಇನ್ನೊಂದು ಚಿತ್ರಗಳದು: ಯಾವ ಸೀರೆ, ಯಾವ ತಪ್ಪು, ಯಾವ ಗುಂಡಿ ಒತ್ತಿದರು.
ಎರಡಕ್ಕೂ ಗಡಿಯಾರ ಇದೆ.
ಒಂದು, ಪಟ್ಟಿಗೆ ತಂತಿ ಚುಚ್ಚಿದಾಗಿನಿಂದ ಎಣಿಸುತ್ತದೆ,
ಇನ್ನೊಂದು, ನಾನು 'ಶುರು' ಒತ್ತಿದಾಗಿನಿಂದ.
ಮಾತು ಬಿಟ್ಟ ವಾರಗಿತ್ತಿಯರ ಹಾಗೆ
ಒಂದೇ ಒಲೆ, ಬೇರೆ ಬೇರೆ ಹೊತ್ತು.
ಪ್ರತಿ ಸಲ 'ಚಿತ್ರ ಬಂತು' ಎಂದು ಇದು ಅದಕ್ಕೆ ಕೂಗಬೇಕು.
ಆ ಕೂಗು ಒಂದೂ ಇಲ್ಲ.

ನಾನೇ ಬರೆದ ಪ್ರೋಗ್ರಾಮು.
ಮೇಲಿಂದ ಕೆಳಗೆ ಓದಿದೆ, ಕೆಳಗಿಂದ ಮೇಲೆ.
ಹಿಂದೆ ಅಂದಾನವ್ವ ಸೆರಗು ಕೂಡಿಸುತ್ತಿದ್ದಳು.
ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು,
ಎಳೆಗೆ ಎಳೆ ಸಿಕ್ಕಿಸಿ ಕೊಂಡಿ.
ಕೆಲಸ ಬೆರಳಿನದು; ಕಣ್ಣು ಬಾಗಿಲಾಚೆಯ ಆಡಿನ ಮೇಲೆ.
ಇದರಲ್ಲಿ ನನಗೊಂದು ಪಾಠ ಇರಬೇಕು ಅನ್ನಿಸಿ
"ಒಂದು ಕೊಂಡಿ ತಪ್ಪಿದರ ಏನ್ ಮಾಡ್ತಿ?" ಎಂದೆ.
"ತಪ್ಪಂಗಿಲ್ಲ."
ಅಷ್ಟೇ. ಪಾಠ ಇರಲಿಲ್ಲ.
ಸ್ವಲ್ಪ ತಡೆದು: "ಇನ್ನೂರು ರೂಪಾಯಿ ಇವತ್ತ ಕೊಡ್ತಿಯೋ, ನಾಳಿಗೋ?"

ಸಂಜೆ ಸಿಕ್ಕಿತು. ನಲವತ್ತೇಳನೇ ಸಾಲು.
ಸುತ್ತಿನ ಒಳಗೆ ಇರಬೇಕಾದ ಮಾತು
ಸುತ್ತಿನಾಚೆ, 'ದಾಖಲೆ ನಿಲ್ಲಿಸು' ಎಂಬುದರ ಕೆಳಗೆ ಕೂತಿತ್ತು.
ಎಲ್ಲ ಮುಗಿದ ಮೇಲೆ, ಒಂದೇ ಒಂದು ಸಲ,
ಕದ ಹಾಕಿದ ಮನೆಗೆ ಕೂಗಿ ಸುಮ್ಮನಾಗುತ್ತಿತ್ತು.
ತಪ್ಪೆಂದು ಯಾರೂ ಹೇಳಲಿಲ್ಲ; ಯಂತ್ರಕ್ಕೆ ಅದು ತಪ್ಪಲ್ಲ.
ಕತ್ತರಿಸಿ ಆರು ಸಾಲು ಮೇಲೆ ಇಟ್ಟೆ.

ಮೂರು ದಿನ ಆ ಪುಟವನ್ನೇ ನೋಡುತ್ತಿದ್ದೆ.
ಪಟ್ಟಿ ನನ್ನನ್ನು ಅಳೆದಿದ್ದರೆ
ನಲವತ್ತೇಳರ ಮೇಲೆ ಎಷ್ಟು ಸಲ ನಿಂತೆ,
ಎಷ್ಟು ಸಲ ದಾಟಿದೆ, ಲೆಕ್ಕ ಕೊಡುತ್ತಿತ್ತು.

ಹನ್ನೊಂದು ಕಡತ ಹಾಗೇ ಇಟ್ಟಿದ್ದೇನೆ:
ಏನನ್ನೋ ನೋಡುತ್ತಿರುವ ಹನ್ನೊಂದು ಜೋಡಿ ಕಣ್ಣು.

ಅಂದಾನವ್ವ ಮತ್ತೆ ಕೂತಳು, ಚಸ್ಮಾ ಹಾಕಿಕೊಂಡೇ.
ಐದು ಚುಕ್ಕಿ ನೋಡಿದಳು. ಮೊದಲ ಸೀರೆ.
ಕಡತದಲ್ಲಿ ಸಾಲು ಬಿತ್ತು: ಚಿತ್ರ ಬಂತು.
ನಾನು ಉಸಿರು ಬಿಡುವಷ್ಟರಲ್ಲಿ
ಅವಳು ಗುಂಡಿ ಬಿಟ್ಟು, ಕೈ ಚಾಚಿ,
ತಪ್ಪಿದ ಎಳೆಯನ್ನು ಪರದೆಯಿಂದ
ಉಗುರಲ್ಲಿ ಎತ್ತಲು ಹೋದಳು.
ಮೊಳಕೈ ಪಟ್ಟಿಗೆ ಅಡ್ಡ.

ಚಿತ್ರ ಬಂತು. ಸೊನ್ನೆ. ಸೊನ್ನೆ. ಸೊನ್ನೆ.

ಈ ಸೊನ್ನೆಗಳನ್ನು ನಾನು ಅಳಿಸಿಲ್ಲ.